ಬೆಂಕಿ ಬಿದ್ದಾಗ ಮೊದಲು ಗಾಳಿ ನೋಡಿ: ಅಗ್ನಿಶಾಮಕರ ಪದಗಳು, ಸಾಧನಗಳು, ಕೆಲಸದ ರೀತಿ

ಕಟ್ಟಡಕ್ಕೆ ಬೆಂಕಿ ಬಿದ್ದಾಗ ಸುತ್ತ ನಿಂತ ಜನರಿಂದ ಎರಡು ಮಾತು ಬಂದೇ ಬರುತ್ತವೆ. "ಬಂದು ಇಷ್ಟು ಹೊತ್ತಾಯ್ತು, ಇನ್ನೂ ಯಾಕೆ ನೀರು ಬಿಡ್ತಿಲ್ಲ?" ಅಂತ ಒಂದು. "ಕಿಟಕಿ ಒಡೆಯಿರಿ, ಹೊಗೆ ಹೊರಗೆ ಹೋಗಲಿ" ಅಂತ ಇನ್ನೊಂದು. ಎರಡೂ ಕಾಳಜಿಯಿಂದಲೇ ಬರುವ ಮಾತು. ಆದರೆ ಎರಡನೆಯದನ್ನು ಯಾರಾದರೂ ಮಾಡಿಬಿಟ್ಟರೆ ಒಳಗಿರುವವರ ಜೀವಕ್ಕೇ ಕುತ್ತು. ನಮ್ಮ ಕಣ್ಣು ಜ್ವಾಲೆಯ ಮೇಲಿರುತ್ತದೆ. ಅಗ್ನಿಶಾಮಕ ಸಿಬ್ಬಂದಿ ಹೊಗೆ ನೋಡುತ್ತಾರೆ, ಗಾಳಿ ಎಲ್ಲಿಂದ ಒಳಗೆ ಹೋಗುತ್ತಿದೆ ಅಂತ ನೋಡುತ್ತಾರೆ. ಹಾಗೆ ನೋಡುವುದನ್ನು ನಾವೂ ಕಲಿತರೆ ಅವರ ಪದಗಳು, ಸಾಧನಗಳು ಸುಲಭವಾಗಿ ಅರ್ಥವಾಗುತ್ತವೆ. ಅವರು ಬರುವ ಮುಂಚಿನ ಕೆಲವು ನಿಮಿಷಗಳಲ್ಲಿ ನಾವೇನು ಮಾಡಬೇಕು ಅನ್ನುವುದೂ ಗೊತ್ತಿರುತ್ತದೆ. ಈ ಲೇಖನ ಬರೆಯುತ್ತಿರುವುದು ಮುಖ್ಯವಾಗಿ ಆ ಕೆಲವು ನಿಮಿಷಗಳಿಗಾಗಿ.

1. ಬೆಂಕಿಗೆ ಏನು ಬೇಕು ಅಂತ ತಿಳಿಯಿರಿ

ಉರಿಯುವ ವಸ್ತು, ಶಾಖ, ಆಮ್ಲಜನಕ. ಈ ಮೂರು ಸೇರಿದರೆ ಬೆಂಕಿ. ಇದಕ್ಕೆ ಬೆಂಕಿಯ ತ್ರಿಕೋನ ಅನ್ನುತ್ತಾರೆ. ನಾಲ್ಕನೆಯದೂ ಒಂದಿದೆ. ಜ್ವಾಲೆಯೊಳಗೆ ಒಂದು ರಾಸಾಯನಿಕ ಕ್ರಿಯೆ ಇನ್ನೊಂದನ್ನು ಹುಟ್ಟಿಸುತ್ತಾ ಸಾಗುವ ಸರಪಳಿ ಅದು. ಬೆಂಕಿ ನಂದಿಸುವ ಯಾವ ಉಪಾಯ ತೆಗೆದುಕೊಂಡರೂ ಅದು ಈ ನಾಲ್ಕರಲ್ಲಿ ಒಂದನ್ನಾದರೂ ಕಿತ್ತುಕೊಳ್ಳುತ್ತದೆ. ಗ್ಯಾಸ್ ವಾಲ್ವ್ ಮುಚ್ಚಿದರೆ ಉರುವಲು ನಿಂತಿತು. ನೀರು ಹಾಕಿದರೆ ಶಾಖ ಇಳಿಯಿತು. ಮುಚ್ಚಳ ಮುಚ್ಚಿದರೆ ಗಾಳಿ ನಿಂತಿತು. ಬೆಂಕಿ ನಂದಿಸುವ ಒಣ ಪುಡಿ ಎರಚಿದರೆ ಸರಪಳಿ ತುಂಡಾಯಿತು.

ಗಾಳಿಯಲ್ಲಿ ಸುಮಾರು 21 ಶೇಕಡಾ ಆಮ್ಲಜನಕ ಇರುತ್ತದೆ. ಅದು 15 ಶೇಕಡಾದ ಆಸುಪಾಸಿಗೆ ಇಳಿದರೆ ಬಹುತೇಕ ವಸ್ತುಗಳ ಜ್ವಾಲೆ ಸೊರಗುತ್ತದೆ. ಸೊರಗುತ್ತದೆ ಅಷ್ಟೇ, ಸಾಯುವುದಿಲ್ಲ. ಶಾಖ ಅಲ್ಲೇ ಇರುತ್ತದೆ, ಕೆಂಡ ಒಳಗೊಳಗೇ ಕಾಯುತ್ತಿರುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನೀರು ಇವತ್ತಿಗೂ ಅಗ್ನಿಶಾಮಕರ ಮುಖ್ಯ ಅಸ್ತ್ರ. ಯಾಕೆ ಅಂದರೆ ಅದು ಆವಿಯಾಗುವಾಗ ಅಪಾರ ಶಾಖವನ್ನು ಹೀರಿಕೊಳ್ಳುತ್ತದೆ. ಆವಿಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಸರಿಯಾದ ಕಡೆ ಬಿದ್ದರೆ ಆ ಆವಿ ಬೆಂಕಿಯ ಸುತ್ತಲಿನ ಗಾಳಿಯನ್ನೂ ತಳ್ಳಿಹಾಕುತ್ತದೆ. ತಪ್ಪು ಕಡೆ ಬಿದ್ದರೆ ಒಳಗಿರುವವರನ್ನು ಬೇಯಿಸಿಬಿಡುತ್ತದೆ. ಅದಕ್ಕೇ ಅವರು ಬಂದ ಕೂಡಲೇ ಕಂಡ ಕಂಡ ಕಡೆ ನೀರು ಬಿಡುವುದಿಲ್ಲ.

2. ಹೊಗೆಯನ್ನು ಓದಲು ಕಲಿಯಿರಿ

ಈ ಲೇಖನದಲ್ಲಿ ಒಂದೇ ಭಾಗ ಓದಲು ಸಮಯ ಇದೆ ಅನ್ನುವವರು ಇದನ್ನು ಓದಿ.

ಕಟ್ಟಿಗೆ, ಬಟ್ಟೆ, ಪ್ಲಾಸ್ಟಿಕ್ ಕಾದಾಗ ಮೊದಲು ಅನಿಲ ಬಿಡುತ್ತವೆ. ಜ್ವಾಲೆಯಾಗಿ ಉರಿಯುವುದು ಆ ಅನಿಲ. ಉರಿಯದೆ ಉಳಿದ ಅನಿಲ ಮಸಿಯ ಜೊತೆ ಹೊಗೆಯಾಗಿ ಮೇಲೇರುತ್ತದೆ. ಅಂದರೆ ಹೊಗೆಯೂ ಉರುವಲೇ. ಮೇಣದ ಬತ್ತಿ ಆರಿಸಿದ ಕೂಡಲೇ ಏಳುವ ಬಿಳಿ ಹೊಗೆಗೆ ಉರಿಯುವ ಕಡ್ಡಿ ಹಿಡಿಯಿರಿ. ಜ್ವಾಲೆ ಹೊಗೆಯ ಗುಂಟ ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಒಂದು ಕೋಣೆಯ ಚಾವಣಿಯ ಕೆಳಗೆ ದಟ್ಟವಾಗಿ ತುಂಬಿದ ಕಪ್ಪು ಹೊಗೆಯೂ ಇದೇ ಥರ ಹೊತ್ತಿಕೊಳ್ಳಬಲ್ಲದು.

ಹೊತ್ತಿಕೊಳ್ಳುವ ರೀತಿಗಳಿಗೆ ಅಗ್ನಿಶಾಮಕರಲ್ಲಿ ಬೇರೆ ಬೇರೆ ಹೆಸರಿವೆ. ಚಾವಣಿಯ ಕೆಳಗಿನ ಹೊಗೆಯೊಳಗೆ ಜ್ವಾಲೆಯ ನಾಲಿಗೆಗಳು ಅಲ್ಲಲ್ಲಿ ಹರಿದಾಡಿದರೆ ಅದು ರೋಲ್‌ಓವರ್. ಇದು ಎಚ್ಚರಿಕೆಯ ಗಂಟೆ. ಅದರ ಹಿಂದೆಯೇ ಬರಬಹುದಾದದ್ದು ಫ್ಲ್ಯಾಷ್‌ಓವರ್. ಚಾವಣಿಯ ಹತ್ತಿರದ ಹೊಗೆ 500 ರಿಂದ 600 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಅಲ್ಲಿಂದ ಕೆಳಗೆ ಸುರಿಯುವ ಕಾವಿಗೆ ಕೋಣೆಯಲ್ಲಿರುವ ಕುರ್ಚಿ, ಪರದೆ, ನೆಲಹಾಸು ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಒಂದು ಮೂಲೆಯ ಬೆಂಕಿ ಸೆಕೆಂಡುಗಳಲ್ಲಿ ಇಡೀ ಕೋಣೆಯ ಬೆಂಕಿಯಾಗುತ್ತದೆ. ಪೂರ್ತಿ ರಕ್ಷಣಾ ಉಡುಪು ಹಾಕಿದವರೂ ಅದರೊಳಗೆ ಹೆಚ್ಚು ಹೊತ್ತು ಉಳಿಯಲಾರರು. ಸಾಧಾರಣ ಬಟ್ಟೆಯಲ್ಲಿರುವವರ ಮಾತೇ ಬೇಡ. ಈಗಿನ ಸೋಫಾ, ಹಾಸಿಗೆಗಳಲ್ಲಿ ಫೋಮ್ ಮತ್ತು ಪ್ಲಾಸ್ಟಿಕ್ ಜಾಸ್ತಿ. ಅಂಥ ಕೋಣೆ ಐದು ನಿಮಿಷದೊಳಗೇ ಈ ಹಂತ ಮುಟ್ಟಬಹುದು.

ಬ್ಯಾಕ್‌ಡ್ರಾಫ್ಟ್ ಇನ್ನೊಂದು ಬಗೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಖಾಲಿಯಾಗಿ ಜ್ವಾಲೆ ಸೊರಗಿದೆ ಅನ್ನಿ. ಹೊರಗಿನಿಂದ ನೋಡಿದರೆ ಬೆಂಕಿ ಆರಿದ ಹಾಗೇ ಕಾಣುತ್ತದೆ. ಒಳಗೆ ಮಾತ್ರ ಕಾದ ಅನಿಲ ತುಂಬಿ ಗಾಳಿಗಾಗಿ ಕಾಯುತ್ತಿರುತ್ತದೆ. ಯಾರೋ ಬಾಗಿಲು ತೆರೆಯುತ್ತಾರೆ, ಇಲ್ಲವೇ ಕಿಟಕಿ ಒಡೆಯುತ್ತಾರೆ. ತಾಜಾ ಗಾಳಿ ಒಳನುಗ್ಗಿ ಅನಿಲದ ಜೊತೆ ಬೆರೆತು ಸ್ಫೋಟದ ಹಾಗೆ ಹೊತ್ತಿ ಬಾಗಿಲಿನಿಂದಲೇ ಹೊರಚಿಮ್ಮುತ್ತದೆ. ಅಗ್ನಿಶಾಮಕರು ಕೆಲವು ಲಕ್ಷಣ ನೋಡಿ ಇದನ್ನು ಊಹಿಸುತ್ತಾರೆ. ಜ್ವಾಲೆ ಕಾಣುವುದಿಲ್ಲ, ಆದರೆ ಕಿಟಕಿ ಗಾಜು ಒಳಗಿನಿಂದ ಕಪ್ಪಾಗಿರುತ್ತದೆ. ಬಾಗಿಲು ಬಿಸಿಯಾಗಿರುತ್ತದೆ. ಸಂದಿಗಳಿಂದ ಹೊಗೆ ಉಸಿರಾಡಿದಂತೆ ಹೊರಬಂದು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಇಂಥದ್ದು ಕಂಡರೆ ಆ ಬಾಗಿಲ ಹತ್ತಿರವೂ ಸುಳಿಯಬೇಡಿ. ಬಂದ ಸಿಬ್ಬಂದಿಗೆ ನೀವು ಕಂಡದ್ದನ್ನು ಹೇಳಿ. ಅದು ಅವರಿಗೆ ತುಂಬ ಬೆಲೆಯ ಮಾಹಿತಿ.

ಇನ್ನೊಂದು ವಿಷಯ. ಬೆಂಕಿ ಅವಘಡಗಳಲ್ಲಿ ಸುಟ್ಟು ಸಾಯುವವರಿಗಿಂತ ಹೊಗೆ ಕುಡಿದು ಸಾಯುವವರೇ ಜಾಸ್ತಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಫೋಮ್ ಉರಿದರೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ. ನಿದ್ದೆಯಲ್ಲಿರುವವರು ಕೆಮ್ಮಿ ಎಚ್ಚರಗೊಳ್ಳುತ್ತಾರೆ ಅನ್ನುವುದನ್ನು ನಂಬಬೇಡಿ. ಹೊಗೆ ಪತ್ತೆ ಮಾಡಿ ಕಿರುಚುವ ಸ್ಮೋಕ್ ಅಲಾರಂ ಬೇಕೇ ಬೇಕು. ತಿಂಗಳಿಗೊಮ್ಮೆ ಅದರ ಬಟನ್ ಒತ್ತಿ ನೋಡಿ. ಹತ್ತು ವರ್ಷವಾದರೆ ಇಡೀ ಅಲಾರಂ ಬದಲಿಸಿ, ಬ್ಯಾಟರಿ ಮಾತ್ರ ಬದಲಿಸಿದರೆ ಸಾಲದು.

3. ಉರಿಯುತ್ತಿರುವುದು ಏನು?

ಬೆಂಕಿ ನಂದಿಸುವ ಸಿಲಿಂಡರ್ ಕೈಗೆತ್ತಿಕೊಳ್ಳುವ ಮುಂಚೆ ಈ ಪ್ರಶ್ನೆ ಕೇಳಿಕೊಳ್ಳಬೇಕು. ಬೆಂಕಿಯನ್ನು ಉರುವಲಿನ ಪ್ರಕಾರ ವರ್ಗ ಮಾಡಿ ಅಕ್ಷರ ಕೊಟ್ಟಿದ್ದಾರೆ. ಎ ಅಂದರೆ ಕಟ್ಟಿಗೆ, ಕಾಗದ, ಬಟ್ಟೆ. ಬಿ ಅಂದರೆ ಪೆಟ್ರೋಲ್, ಬಣ್ಣದಂಥ ದ್ರವ. ಡಿ ಅಂದರೆ ಮೆಗ್ನೀಸಿಯಂನಂಥ ಲೋಹ. ಇಲ್ಲಿಯವರೆಗೆ ಎಲ್ಲ ಕಡೆ ಒಂದೇ. ಸಿ ಅಕ್ಷರದಲ್ಲಿ ಮಾತ್ರ ಗೊಂದಲವಿದೆ. ಯುರೋಪಿನ ಪದ್ಧತಿಯಲ್ಲಿ ಸಿ ಅಂದರೆ ಅನಿಲ, ಅಮೆರಿಕದ ಪದ್ಧತಿಯಲ್ಲಿ ಕರೆಂಟ್ ಹರಿಯುತ್ತಿರುವ ಉಪಕರಣ. ಅಡುಗೆ ಎಣ್ಣೆಗೆ ಮೊದಲನೆಯದರಲ್ಲಿ ಎಫ್, ಎರಡನೆಯದರಲ್ಲಿ ಕೆ. ಹಾಗಾಗಿ ಅಕ್ಷರ ಬಾಯಿಪಾಠ ಮಾಡುವುದಕ್ಕಿಂತ ಸಿಲಿಂಡರ್ ಮೇಲಿನ ಚಿತ್ರಗಳನ್ನು ಇವತ್ತೇ ಒಮ್ಮೆ ನೋಡಿಡಿ.

ನೀರಿನ ಸಿಲಿಂಡರ್ ಎ ವರ್ಗಕ್ಕೆ ಮಾತ್ರ. ನೊರೆ ಉಗುಳುವ ಫೋಮ್ ಸಿಲಿಂಡರ್ ಆದರೆ ದ್ರವದ ಮೇಲೆ ಹೊದಿಕೆ ಹಾಸಿ ಗಾಳಿ ತಡೆಯುತ್ತದೆ. ಒಣ ಪುಡಿಯ ಸಿಲಿಂಡರ್ ಎಲ್ಲ ಕಡೆ ಹೆಚ್ಚಾಗಿ ಕಾಣುವಂಥದ್ದು. ಹಲವು ಬಗೆಯ ಬೆಂಕಿಗೆ ಆಗುತ್ತದೆ, ಆದರೆ ಒತ್ತಿದ ಕೂಡಲೇ ಕೋಣೆ ತುಂಬ ಮೋಡ ಕವಿದು ದಾರಿ ಕಾಣುವುದಿಲ್ಲ. ಆ ಪುಡಿ ಎಲೆಕ್ಟ್ರಾನಿಕ್ ಸಾಮಾನುಗಳನ್ನೂ ಹಾಳು ಮಾಡುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ಗೆ ದೊಡ್ಡ ಕಪ್ಪು ಕೊಂಬಿನಂಥ ಬಾಯಿ ಇರುತ್ತದೆ. ಕರೆಂಟ್ ಉಪಕರಣಗಳಿಗೆ ಇದು ಒಳ್ಳೆಯದು, ಪುಡಿ, ಕಲೆ ಏನೂ ಉಳಿಸದೆ ಹೋಗುತ್ತದೆ. ಆದರೆ ಕೊಂಬನ್ನು ಬರಿಗೈಯಲ್ಲಿ ಹಿಡಿಯಬೇಡಿ, ಆ ಚಳಿಗೆ ಚರ್ಮವೇ ಅಂಟಿಕೊಳ್ಳಬಹುದು. ಚಿಕ್ಕ ಮುಚ್ಚಿದ ಕೋಣೆಯಲ್ಲಿ ಬಳಸಿದರೆ ಉಸಿರಾಡುವ ಗಾಳಿಯೂ ಕಡಿಮೆಯಾಗುತ್ತದೆ. ಬಳಸಿ ಹೊರಗೆ ಬಂದುಬಿಡಿ.

ಕಾದ ಎಣ್ಣೆಯ ಬೆಂಕಿಗೆ ಯಾವತ್ತೂ ನೀರು ಹಾಕಬೇಡಿ. ನೀರು ಎಣ್ಣೆಗಿಂತ ಭಾರ. ತಳಕ್ಕಿಳಿಯುತ್ತದೆ, ಅಲ್ಲಿ ಒಮ್ಮೆಲೇ ಆವಿಯಾಗಿ ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಚಾವಣಿವರೆಗೆ ಎಸೆಯುತ್ತದೆ. ಒಂದು ಲೋಟ ನೀರು ಸಾಕು, ಇಡೀ ಅಡುಗೆಮನೆ ಹೊತ್ತಲು. ಒಲೆ ಆರಿಸಿ. ಬಾಣಲೆಯನ್ನು ಎತ್ತಿಕೊಂಡು ಓಡಬೇಡಿ. ಲೋಹದ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಿ, ಇಲ್ಲವೇ ಬೆಂಕಿ ಹತ್ತದ ಹೊದಿಕೆಯಾದ ಫೈರ್ ಬ್ಲಾಂಕೆಟ್‌ನಿಂದ ಕೈಗಳನ್ನೂ ಮರೆಮಾಡಿಕೊಂಡು ಹೊದಿಸಿ. ಪೂರ್ತಿ ತಣಿಯುವವರೆಗೆ ತೆಗೆದು ನೋಡಬೇಡಿ. ಗಾಳಿ ತಗುಲಿದರೆ ಮತ್ತೆ ಹೊತ್ತುತ್ತದೆ.

ಸೋರುವ ಗ್ಯಾಸ್ ಉರಿಯುತ್ತಿದ್ದರೆ ಇನ್ನೊಂದು ಎಚ್ಚರ. ವಾಲ್ವ್ ಮುಚ್ಚಲು ಆಗುತ್ತದೆಯಾ? ಮುಚ್ಚಿ, ಜ್ವಾಲೆ ತಾನೇ ಆರುತ್ತದೆ. ಮುಚ್ಚಲು ಆಗದಿದ್ದರೆ ಜ್ವಾಲೆ ಮಾತ್ರ ಆರಿಸಲು ಹೋಗಬೇಡಿ. ಉರಿಯದ ಗ್ಯಾಸ್ ಕೋಣೆ ತುಂಬಿಕೊಂಡು ಒಂದು ಕಿಡಿಗೆ ಸ್ಫೋಟಿಸುತ್ತದೆ. ಎಲ್ಲರನ್ನೂ ಕರೆದುಕೊಂಡು ಹೊರಡಿ.

ಲಿಥಿಯಂ ಬ್ಯಾಟರಿಯ ಬೆಂಕಿಯೂ ಬೇರೆಯೇ ಜಾತಿ. ಒಂದು ಸೆಲ್ ಕೆಟ್ಟು ಕಾದರೆ ಆ ಕಾವು ಪಕ್ಕದ ಸೆಲ್‌ಗೆ ಹರಡುತ್ತದೆ. ಇದನ್ನು ಥರ್ಮಲ್ ರನ್‌ಅವೇ ಅನ್ನುತ್ತಾರೆ. ಗಾಳಿ ತಡೆದರೂ ಇದು ನಿಲ್ಲುವುದಿಲ್ಲ, ಬಹಳಷ್ಟು ನೀರು ಸುರಿದು ತಣಿಸಬೇಕು. ಆರಿತು ಅಂದುಕೊಂಡ ಎಷ್ಟೋ ಗಂಟೆಗಳ ಮೇಲೆ ಮತ್ತೆ ಹೊತ್ತಬಹುದು. ದೊಡ್ಡ ಬ್ಯಾಟರಿ ಬುಸುಗುಟ್ಟಿ ಹೊಗೆ ಬಿಡಲು ಶುರುಮಾಡಿದರೆ ನಿಮ್ಮ ಕೆಲಸ ಒಂದೇ: ದೂರ ಹೋಗುವುದು.

4. ನಂದಿಸಬೇಕಾ, ಹೊರಡಬೇಕಾ?

ಎಲ್ಲರೂ ಹೊರಗೆ ಹೋಗುತ್ತಿದ್ದಾರೆ, ಯಾರೋ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದ್ದಾರೆ, ಬೆಂಕಿ ಒಂದು ಕಸದ ಬುಟ್ಟಿಯಷ್ಟೇ ಇದೆ, ಬಾಗಿಲು ನಿಮ್ಮ ಬೆನ್ನ ಹಿಂದಿದೆ. ಇವೆಲ್ಲವೂ ನಿಜವಾದರೆ ಮಾತ್ರ ಪ್ರಯತ್ನ ಮಾಡಿ. ಒಂದಾದರೂ ಇಲ್ಲವೆಂದರೆ ಹೊರಡಿ. ಹೊಗೆ ತಲೆಯ ಮಟ್ಟಕ್ಕೆ ಇಳಿದಿದ್ದರೆ ಯೋಚಿಸುವುದೇ ಬೇಡ.

ಸಿಲಿಂಡರ್ ಬಳಸುವ ಕ್ರಮ ಹೀಗೆ. ಪಿನ್ ಎಳೆಯಿರಿ. ಬಾಯಿಯನ್ನು ಜ್ವಾಲೆಯ ತುದಿಗಲ್ಲ, ಬುಡಕ್ಕೆ ಗುರಿಯಿಡಿ. ಹಿಡಿ ಒತ್ತಿ. ಆ ಕಡೆಯಿಂದ ಈ ಕಡೆಗೆ ಗುಡಿಸಿದಂತೆ ಆಡಿಸಿ. ಎರಡು ಮೂರು ಮೀಟರ್ ದೂರದಿಂದ ಶುರುಮಾಡಿ, ಬೆಂಕಿ ತಗ್ಗಿದಂತೆ ಹತ್ತಿರ ಹೋಗಿ. ಚಿಕ್ಕ ಸಿಲಿಂಡರ್ 8 ರಿಂದ 20 ಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಬಹಳ ಜನರಿಗೆ ಇದು ಗೊತ್ತಿಲ್ಲ, ನಿಮಿಷಗಟ್ಟಲೆ ಬರುತ್ತದೆ ಅಂದುಕೊಂಡಿರುತ್ತಾರೆ. ಒಂದು ಸಿಲಿಂಡರ್‌ಗೆ ಬಗ್ಗದ ಬೆಂಕಿ ನಿಮ್ಮ ಕೈಮೀರಿದೆ ಅಂತಲೇ ಲೆಕ್ಕ. ಬೆಂಕಿಗೆ ಬೆನ್ನು ತೋರಿಸದೆ ಹಿಂದೆ ಸರಿಯಿರಿ. ಹೊರಬಂದು ಬಾಗಿಲು ಮುಚ್ಚಿ.

5. ಹೊರಡುವಾಗ ಬಾಗಿಲು ಮುಚ್ಚಿ

ಇದು ಖರ್ಚಿಲ್ಲದ, ಎಲ್ಲರಿಗೂ ಸಾಧ್ಯವಾದ ಬೆಂಕಿ ನಂದಿಸುವ ಕೆಲಸ. ಬೆಂಕಿಯಿರುವ ಕೋಣೆಯ ಬಾಗಿಲು ಮುಚ್ಚಿದರೆ ಅದಕ್ಕೆ ಹೋಗುವ ಗಾಳಿ ನಿಲ್ಲುತ್ತದೆ, ಹೊಗೆ ಮೆಟ್ಟಿಲಿಗೆ ಬರುವುದು ತಡವಾಗುತ್ತದೆ. ಸಾಧಾರಣ ಮರದ ಬಾಗಿಲು ಕೂಡ ಹಲವು ನಿಮಿಷ ಕೊಡುತ್ತದೆ. ಬೀಗ ಮಾತ್ರ ಹಾಕಬೇಡಿ, ಸಿಬ್ಬಂದಿ ಒಳಗೆ ಹೋಗಬೇಕು. ರಾತ್ರಿ ಮಲಗುವಾಗಲೂ ಮಲಗುವ ಕೋಣೆಯ ಬಾಗಿಲು ಮುಚ್ಚಿಕೊಳ್ಳುವುದು ಒಳ್ಳೆಯದು.

ಎದುರಿನ ಬಾಗಿಲು ತೆರೆಯುವ ಮುಂಚೆ ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ. ಬಿಸಿಯಿದ್ದರೆ ಬೇರೆ ದಾರಿ ಹುಡುಕಿ. ಹೊಗೆಯಲ್ಲಿ ಬಗ್ಗಿ, ಬೇಕಾದರೆ ಅಂಬೆಗಾಲಿಟ್ಟು ಹೋಗಿ. ನೆಲದ ಹತ್ತಿರ ಗಾಳಿ ಸ್ವಲ್ಪ ತಂಪಾಗಿ, ತಿಳಿಯಾಗಿ ಇರುತ್ತದೆ. ಲಿಫ್ಟ್ ಬೇಡ. ದಾರಿ ಪೂರ್ತಿ ಮುಚ್ಚಿಹೋಗಿದ್ದರೆ ಬೆಂಕಿಯಿಂದ ದೂರದ, ಕಿಟಕಿಯಿರುವ ಕೋಣೆ ಸೇರಿ. ಬಾಗಿಲು ಮುಚ್ಚಿ, ಅಡಿಯ ಸಂದಿಗೆ ಬಟ್ಟೆ ತುರುಕಿ, ಕಿಟಕಿಯಲ್ಲಿ ಕಾಣಿಸಿಕೊಳ್ಳಿ. ಫೋನ್ ಇದ್ದರೆ ಎಷ್ಟನೇ ಮಹಡಿ, ಯಾವ ಬದಿ ಅಂತ ಹೇಳಿ.

ಮೈಮೇಲಿನ ಬಟ್ಟೆಗೆ ಬೆಂಕಿ ಹತ್ತಿದರೆ ಓಡಬೇಡಿ. ನಿಲ್ಲಿ, ಮುಖ ಮುಚ್ಚಿಕೊಂಡು ನೆಲಕ್ಕೆ ಬೀಳಿ, ಹೊರಳಾಡಿ. ಸುಟ್ಟ ಜಾಗವನ್ನು ಹರಿಯುವ ತಂಪು ನೀರಿನಡಿ 20 ನಿಮಿಷ ಹಿಡಿಯಿರಿ. ಐಸ್ ಬೇಡ, ಪೇಸ್ಟ್ ಬೇಡ, ಎಣ್ಣೆ ಬೇಡ. ಅಂಟಿಕೊಂಡ ಬಟ್ಟೆ ಕೀಳಬೇಡಿ.

ಹೊರಬಂದ ಮೇಲೆ ಯಾವ ಕಾರಣಕ್ಕೂ ಮತ್ತೆ ಒಳಗೆ ಹೋಗಬೇಡಿ. ಒಳಗೆ ಯಾರಾದರೂ ಉಳಿದಿದ್ದರೆ ಎಲ್ಲಿರಬಹುದು ಅಂತ ಸಿಬ್ಬಂದಿಗೆ ಹೇಳಿ. ಮನಸ್ಸು ಕೇಳುವುದಿಲ್ಲ, ನಿಜ. ಆದರೆ ಅವರ ಬೆನ್ನಿಗೆ ಗಾಳಿಯ ಸಿಲಿಂಡರ್ ಇದೆ, ನಿಮಗಿಲ್ಲ.

6. ಅವರು ಬಂದ ಮೇಲೆ ಏನು ನಡೆಯುತ್ತದೆ

ಮೊದಲ ಒಂದೆರಡು ನಿಮಿಷ ಅಧಿಕಾರಿ ಕಟ್ಟಡದ ಸುತ್ತ ನೋಡುತ್ತಾರೆ. ಇದು ಸೈಜ್ ಅಪ್. ಹೊಗೆಯ ಬಣ್ಣ, ದಟ್ಟಣೆ, ಹೊರಬರುವ ವೇಗ, ಒಳಗೆ ಜನ ಇದ್ದಾರಾ, ನೀರು ಎಲ್ಲಿ ಸಿಗುತ್ತದೆ, ಕರೆಂಟ್ ಮತ್ತು ಗ್ಯಾಸ್ ನಿಲ್ಲಿಸಿದ್ದಾರಾ. ಜನರಿಗೆ "ಸುಮ್ನೆ ನಿಂತಿದ್ದಾರೆ" ಅಂತ ಕಾಣುವುದು ಇದೇ ಹೊತ್ತಿನಲ್ಲಿ. ದಯವಿಟ್ಟು ಆಗ ಅವರ ಮೇಲೆ ಕೂಗಾಡಬೇಡಿ. ಕಟ್ಟಡ ಗೊತ್ತಿರುವ ಒಬ್ಬರು ಮುಂದೆ ಬಂದು ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಅದೇ ದೊಡ್ಡ ಸಹಾಯ.

ಬೆನ್ನಿಗೆ ಹಾಕಿಕೊಳ್ಳುವುದು ಬಿ.ಎ. ಸೆಟ್, ಅಂದರೆ ಉಸಿರಾಟದ ಸಾಧನ. ಅದರಲ್ಲಿರುವುದು ಆಮ್ಲಜನಕ ಅಂತ ಎಲ್ಲರೂ ತಿಳಿದಿರುತ್ತಾರೆ. ಅಲ್ಲ, ಒತ್ತಿ ತುಂಬಿದ ಸಾಧಾರಣ ಗಾಳಿ. ಹೆಚ್ಚಿನವು 300 ಬಾರ್ ಒತ್ತಡದ ಸಿಲಿಂಡರ್‌ಗಳು. ಕಷ್ಟದ ಕೆಲಸದಲ್ಲಿ ಅರ್ಧ ಗಂಟೆ ಬಂದರೆ ಹೆಚ್ಚು. ಗಾಳಿ ಕಡಿಮೆಯಾದಾಗ ಸೀಟಿ ಊದುತ್ತದೆ, ಆಗ ಹೊರಬರಲೇಬೇಕು. ಮೈಮೇಲಿನ ಉಡುಪಿಗೆ ಮೂರು ಪದರ: ಹೊರಗೆ ಬೆಂಕಿ ತಡೆಯುವ ಬಟ್ಟೆ, ನಡುವೆ ನೀರು ತಡೆಯುವ ಪೊರೆ, ಒಳಗೆ ಕಾವು ತಡೆಯುವ ಪದರ. ಒಬ್ಬರು ಅಲುಗಾಡದೆ ಬಿದ್ದರೆ ಅರ್ಧ ನಿಮಿಷದ ಆಸುಪಾಸಿನಲ್ಲಿ ತಾನಾಗಿಯೇ ಕೂಗುವ ಒಂದು ಅಲಾರಂ ಕೂಡ ಮೈಮೇಲಿರುತ್ತದೆ.

ನೀರಿನ ಉದ್ದ ಕೊಳವೆಯಾದ ಹೋಸ್‌ನ ತುದಿಯಲ್ಲಿ ನೀರು ಹೊರಡುವ ಭಾಗ ನಾಝಲ್, ಕೆಲವರು ಬ್ರಾಂಚ್ ಅನ್ನುತ್ತಾರೆ. ಅದನ್ನು ತಿರುಗಿಸಿ ನೇರ ಧಾರೆ ಮಾಡಬಹುದು, ಸಣ್ಣ ಹನಿಗಳ ತುಂತುರೂ ಮಾಡಬಹುದು. ಧಾರೆ ದೂರ ಹೋಗಿ ಬೆಂಕಿಯ ಬುಡ ಮುಟ್ಟುತ್ತದೆ. ತುಂತುರು ಕಾದ ಅನಿಲವನ್ನು ಬೇಗ ತಣಿಸುತ್ತದೆ. ನೀರಿನ ರಭಸಕ್ಕೆ ನಾಝಲ್ ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ಇಬ್ಬರು ಹಿಡಿಯುತ್ತಾರೆ. ಒಂದು ಹೋಸ್ ನಿಮಿಷಕ್ಕೆ ಕೆಲವು ನೂರು ಲೀಟರ್ ಕುಡಿಯುತ್ತದೆ, ಗಾಡಿಯಲ್ಲಿರುವುದು ಕೆಲವು ಸಾವಿರ ಲೀಟರ್. ಲೆಕ್ಕ ಹಾಕಿ ನೋಡಿ. ಅದಕ್ಕೇ ಅಗ್ನಿಶಾಮಕರು ನೀರು ತೆಗೆದುಕೊಳ್ಳುವ ರಸ್ತೆಬದಿಯ ಹೈಡ್ರೆಂಟ್ ಎದುರು ಗಾಡಿ ನಿಲ್ಲಿಸಬಾರದು. ನೆಲದ ಮೇಲೆ ಹಾಸಿದ ಹೋಸ್ ಮೇಲೆ ಗಾಡಿ ಹತ್ತಿಸಬಾರದು. ಆ ಕ್ಷಣ ಒಳಗಿರುವವರ ನೀರು ನಿಲ್ಲಬಹುದು.

ಬಾಗಿಲು ಒಡೆಯಲು ಬಳಸುವ ಉದ್ದ ಕಬ್ಬಿಣದ ಸಲಾಕೆ ಹ್ಯಾಲಿಗನ್. ಒಂದು ತುದಿಯಲ್ಲಿ ಕವಲು, ಇನ್ನೊಂದು ತುದಿಯಲ್ಲಿ ಚಪ್ಪಟೆ ಅಲಗು ಮತ್ತು ಚೂಪು ಮೊನೆ. ನ್ಯೂಯಾರ್ಕ್ ಅಗ್ನಿಶಾಮಕ ದಳದ ಹ್ಯೂ ಹ್ಯಾಲಿಗನ್ 1948ರಲ್ಲಿ ಇದನ್ನು ರೂಪಿಸಿದರು. ಇಂದಿಗೂ ಅದೇ ಆಕಾರ. ನುಜ್ಜುಗುಜ್ಜಾದ ವಾಹನಗಳಿಗೆ ಹೈಡ್ರಾಲಿಕ್ ಕಟರ್ ಮತ್ತು ಸ್ಪ್ರೆಡರ್ ಬಳಸುತ್ತಾರೆ. ಒಂದು ಕತ್ತರಿಸುತ್ತದೆ, ಇನ್ನೊಂದು ಅಗಲಿಸುತ್ತದೆ.

ಒಳಗೆ ಹುಡುಕುವವರು ಒಂದು ಕೈಯನ್ನು ಗೋಡೆಗೆ ತಾಗಿಸಿಕೊಂಡೇ ಸಾಗುತ್ತಾರೆ. ಕಣ್ಣು ಕಾಣದಿದ್ದರೂ ವಾಪಸ್ ಬರುವ ದಾರಿ ಕೈಗೆ ಗೊತ್ತಿರುತ್ತದೆ. ಥರ್ಮಲ್ ಕ್ಯಾಮೆರಾ ಹೊಗೆಯೊಳಗೆ ಕಾವನ್ನು ತೋರಿಸುತ್ತದೆ, ಬಿದ್ದಿರುವ ಮನುಷ್ಯರನ್ನೂ ತೋರಿಸುತ್ತದೆ. ಆದರೆ ಗಾಜಿನಾಚೆ ಅದಕ್ಕೆ ಕಾಣುವುದಿಲ್ಲ.

ಕೆಲವೊಮ್ಮೆ ಅವರೇ ಚಾವಣಿಗೆ ತೂತು ಕೊರೆಯುತ್ತಾರೆ, ಕಿಟಕಿ ಒಡೆಯುತ್ತಾರೆ. ಇದು ವೆಂಟಿಲೇಶನ್. ಹಾಗಾದರೆ ನಾವು ಯಾಕೆ ಒಡೆಯಬಾರದು ಅಂತ ಕೇಳಬಹುದು. ಅವರು ನೀರು ಸಿದ್ಧವಾಗಿಟ್ಟುಕೊಂಡು, ಒಳಗಿನ ತಂಡದ ಜೊತೆ ಮಾತಾಡಿಕೊಂಡು, ಗಾಳಿ ಯಾವ ಕಡೆಯಿಂದ ಬಂದು ಯಾವ ಕಡೆ ಹೋಗಬೇಕು ಅಂತ ಮೊದಲೇ ಗೊತ್ತುಮಾಡಿ ಒಡೆಯುತ್ತಾರೆ. ನೀರಿಲ್ಲದೆ ಒಡೆದ ಕಿಟಕಿ ಬೆಂಕಿಗೆ ಊಟ ಬಡಿಸಿದಂತೆ.

ಎತ್ತರದ ಕಟ್ಟಡಗಳ ಮೆಟ್ಟಿಲ ಬಳಿ ಕಾಣುವ ದಪ್ಪ ಪೈಪ್ ರೈಸರ್. ಅದರಲ್ಲಿ ಯಾವಾಗಲೂ ನೀರಿದ್ದರೆ ವೆಟ್ ರೈಸರ್, ಸಿಬ್ಬಂದಿ ಬಂದು ಕೆಳಗಿನಿಂದ ತುಂಬಿಸಬೇಕಾದರೆ ಡ್ರೈ ರೈಸರ್. ಬೆಂಕಿಯ ಕಾವಿಗೆ ತಾನಾಗಿಯೇ ನೀರು ಚಿಮ್ಮುವ ಚಾವಣಿಯ ಸ್ಪ್ರಿಂಕ್ಲರ್ ಬಗ್ಗೆ ಸಿನಿಮಾಗಳು ತಪ್ಪು ತೋರಿಸುತ್ತವೆ. ಒಂದು ಕಡೆ ಹೊಗೆ ಬಂದರೆ ಎಲ್ಲ ಸ್ಪ್ರಿಂಕ್ಲರ್ ಒಟ್ಟಿಗೆ ಸುರಿಯುವುದಿಲ್ಲ. ಸಾಮಾನ್ಯ ಸ್ಪ್ರಿಂಕ್ಲರ್‌ನ ಬಾಯಲ್ಲಿ ಬಣ್ಣದ ದ್ರವ ತುಂಬಿದ ಚಿಕ್ಕ ಗಾಜಿನ ಬಲ್ಬ್ ಇರುತ್ತದೆ. ಕೆಂಪಾದರೆ 68 ಡಿಗ್ರಿಗೆ, ಹಳದಿಯಾದರೆ 79ಕ್ಕೆ, ಹಸಿರಾದರೆ 93ಕ್ಕೆ ಒಡೆಯುತ್ತದೆ. ಕಾವು ತಾಗಿದ್ದು ಮಾತ್ರ ತೆರೆಯುತ್ತದೆ. ಅದಕ್ಕೆ ಬಣ್ಣ ಬಳಿಯಬೇಡಿ, ಏನನ್ನೂ ನೇತುಹಾಕಬೇಡಿ.

ಕಾಳ್ಗಿಚ್ಚಿನ ಕೆಲಸ ಪೂರ್ತಿ ಬೇರೆ. ಅಲ್ಲಿ ಗಾಳಿ ತಡೆಯಲು ಬಾಗಿಲಿಲ್ಲ, ಹಾಗಾಗಿ ಉರುವಲನ್ನೇ ತೆಗೆಯುತ್ತಾರೆ. ಬೆಂಕಿಯ ಮುಂದೆ ಗಿಡ, ತರಗೆಲೆ ಎಲ್ಲ ಕೆರೆದು ಬರಿಮಣ್ಣಿನ ಪಟ್ಟಿ ಮಾಡುವುದು ಬೆಂಕಿ ರೇಖೆ. ಆ ರೇಖೆ ಮತ್ತು ಬರುವ ಬೆಂಕಿಯ ನಡುವಿನ ಜಾಗವನ್ನು ಮೊದಲೇ ಸುಟ್ಟುಬಿಡುವುದು ಎದುರು ಬೆಂಕಿ. ಬೆಂಕಿ ರೇಖೆ ಕೆರೆಯಲು ಬಳಸುವ, ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿಯಿರುವ ಸಾಧನ ಪುಲಾಸ್ಕಿ. ಅಮೆರಿಕದ ಅರಣ್ಯ ಸೇವೆಯ ಎಡ್ ಪುಲಾಸ್ಕಿ ಅವರ ಹೆಸರು ಅದು. 1910ರ ಮಹಾ ಕಾಳ್ಗಿಚ್ಚಿನಲ್ಲಿ ಅವರು ತಮ್ಮ ತಂಡವನ್ನು ಒಂದು ಗಣಿಯ ಸುರಂಗದೊಳಗೆ ಕೂರಿಸಿ ಬಹುತೇಕರನ್ನು ಉಳಿಸಿದರು.

7. ಬೆಂಕಿ ಆರಿದ ಮೇಲೆ

ಜ್ವಾಲೆ ಆರಿದ ಮೇಲೂ ಸಿಬ್ಬಂದಿ ಗೋಡೆ ಬಗೆಯುತ್ತಾರೆ, ಹಾಸಿಗೆ ಹರಿಯುತ್ತಾರೆ, ಚಾವಣಿ ಕೀಳುತ್ತಾರೆ. ಇದಕ್ಕೆ ಓವರ್‌ಹಾಲ್ ಅನ್ನುತ್ತಾರೆ. ನೋಡುವವರಿಗೆ ಉಳಿದದ್ದನ್ನೂ ಹಾಳುಮಾಡುತ್ತಿದ್ದಾರೆ ಅನ್ನಿಸುತ್ತದೆ, ಮನೆಯವರಿಗೆ ನೋವಾಗುವುದೂ ಸಹಜ. ಆದರೆ ಒಳಗೆ ಅವಿತ ಒಂದು ಕೆಂಡ ಉಳಿದರೆ ಕೆಲವು ಗಂಟೆಗಳಲ್ಲಿ ಎಲ್ಲ ಮತ್ತೆ ಹೊತ್ತುತ್ತದೆ. ಈ ಹಂತದಲ್ಲಿ ಹೊಗೆ ಕಡಿಮೆಯಿದ್ದರೂ ವಿಷಾನಿಲ ಇನ್ನೂ ಇರುತ್ತದೆ. ಅವರು ಹೇಳುವವರೆಗೆ ಒಳಗೆ ಹೋಗಬೇಡಿ, ಕರೆಂಟ್ ಅಥವಾ ಗ್ಯಾಸ್ ನೀವೇ ಹಾಕಬೇಡಿ. ಬೆಂಕಿಯ ಕಾವು ತಾಗಿದ ಆಹಾರ, ಔಷಧಿ ಎಸೆದುಬಿಡಿ. ಹೊಗೆ ಕುಡಿದವರಿಗೆ ತಲೆನೋವು, ವಾಕರಿಕೆ, ಗೊಂದಲ ಕಂಡರೆ, ನಡೆದಾಡುತ್ತಿದ್ದರೂ ಸರಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಒಂದು ಸೆಕೆಂಡು ಒತ್ತಿದ ಸಿಲಿಂಡರ್ ಅನ್ನೂ ಮತ್ತೆ ಗೋಡೆಗೆ ನೇತುಹಾಕಬೇಡಿ. ವಾಲ್ವ್‌ನಲ್ಲಿ ಸಿಕ್ಕಿಕೊಂಡ ಪುಡಿಯಿಂದಾಗಿ ಒತ್ತಡ ನಿಧಾನಕ್ಕೆ ಸೋರಿಹೋಗುತ್ತದೆ. ತುಂಬಿಸಿ, ಒತ್ತಡ ತೋರಿಸುವ ಮುಳ್ಳು ಹಸಿರು ಭಾಗದಲ್ಲಿದೆಯಾ ಅಂತ ನೋಡಿ ಇಡಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ಗೆ ಸಾಮಾನ್ಯವಾಗಿ ಮುಳ್ಳೇ ಇರುವುದಿಲ್ಲ. ಅದನ್ನು ತೂಕ ಹಾಕಿಯೇ ಪರೀಕ್ಷಿಸಬೇಕು.